ಹಳೇ ಮಿಲಿಟರಿ ಜಾಗದ ವಿಷ ತೆಗೆಯಲು ಜೆಸಿಬಿಯಿಂದ ಶುರು ಮಾಡಬೇಡಿ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಪರಿಸರ ಎಂಜಿನಿಯರಿಂಗ್ ಎಂ.ಟೆಕ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮ ಗೈಡ್ ಒಂದು ಕಾಲ್ಪನಿಕ ಜಾಗ ಕೊಟ್ಟಿದ್ದಾರೆ. ನಗರದ ಅಂಚಿನಲ್ಲಿ 40 ಎಕರೆ ಹಳೇ ಮಿಲಿಟರಿ ಜಾಗ. ಅಲ್ಲಿ ಗಾಡಿ ರಿಪೇರಿ ವರ್ಕ್‌ಶಾಪ್, ಡೀಸೆಲ್ ಟ್ಯಾಂಕ್, ಫೈರಿಂಗ್ ರೇಂಜ್, ಹಳೇ ಮದ್ದುಗುಂಡು ಸುಡುತ್ತಿದ್ದ ಗುಂಡಿ, ಬೆಂಕಿ ಆರಿಸುವ ತರಬೇತಿ ಮೈದಾನ ಎಲ್ಲ ಇತ್ತು ಅಂತ ಇಟ್ಟುಕೊಳ್ಳಬೇಕು. ಇದನ್ನು ಸ್ವಚ್ಛ ಮಾಡುವ ಯೋಜನೆ ಬರೆಯಬೇಕು. ಮೇಲಿನ ಒಂದು ಮೀಟರ್ ಮಣ್ಣು ಅಗೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸುವುದು, ಆಮೇಲೆ ಹೊಸ ಮಣ್ಣು ತುಂಬುವುದು ಅಂತ ಬರೆದಿದ್ದೆ. ಗೈಡ್ ಅಷ್ಟನ್ನೂ ಹೊಡೆದುಹಾಕಿ, ಮೊದಲಿಂದ ಯೋಚಿಸು ಅಂದರು. ನಾನು ಎಲ್ಲಿ ತಪ್ಪಿದೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೈಡ್ ಮಾಡಿದ್ದು ಸರಿ. ಆದರೆ ಯಾಕೆ ಅಂತ ಹೇಳದೆ ಬಿಟ್ಟಿದ್ದಾರೆ. ಅದನ್ನು ನಾನು ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕವನ್ನೇ ಮಾಡಿ ನೋಡೋಣ. 40 ಎಕರೆ ಅಂದರೆ ಸುಮಾರು 1.6 ಲಕ್ಷ ಚದರ ಮೀಟರ್. ಒಂದು ಮೀಟರ್ ಆಳ ಅಗೆದರೆ 1.6 ಲಕ್ಷ ಘನ ಮೀಟರ್ ಮಣ್ಣು. ತೂಕದಲ್ಲಿ ಸುಮಾರು 2.7 ಲಕ್ಷ ಟನ್. ಒಂದು ಟಿಪ್ಪರ್‌ಗೆ 16 ಟನ್ ಅಂತ ಹಿಡಿದರೂ ಹತ್ತಿರ ಹತ್ತಿರ 17 ಸಾವಿರ ಲೋಡ್. ಇಷ್ಟೂ ತುಮಕೂರು ರಸ್ತೆಯಲ್ಲಿ ಹೋಗಬೇಕು. ಈಗ ಇದರ ಪಕ್ಕದಲ್ಲಿ ಭೋಪಾಲ್ ಇಟ್ಟು ನೋಡಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯೊಳಗೆ ಶೆಡ್‌ನಲ್ಲಿ ಇಟ್ಟಿದ್ದ ತ್ಯಾಜ್ಯ ಬರೀ 337 ಟನ್. 1984ರ ದುರಂತ ಆಗಿ 40 ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ, ಹೈಕೋರ್ಟ್ ಗದರಿಸಿದ ಮೇಲೆ ಅದು 12 ಕಂಟೇನರ್‌ಗಳಲ್ಲಿ ಪೀತಂಪುರಕ್ಕೆ ಹೋಯಿತು. ಅಲ್ಲಿನ ಜನ ನಮ್ಮೂರಿಗೆ ಯಾಕೆ ತಂದಿರಿ ಅಂತ ಬೀದಿಗಿಳಿದರು. ಅದನ್ನು ಸುಟ್ಟು ಮುಗಿಸಲು ಆ ವರ್ಷದ ಜೂನ್ ಕೊನೆ ಆಯಿತು. ಭೋಪಾಲ್‌ನ ಕಾರ್ಖಾನೆಯ ಮಣ್ಣು, ಅಂತರ್ಜಲ ಇನ್ನೂ ಹಾಗೇ ಇದೆ. 337 ಟನ್‌ಗೇ ಇಷ್ಟು ಪಾಡು ಅಂದಮೇಲೆ 2.7 ಲಕ್ಷ ಟನ್ ಎಲ್ಲಿಗೆ ಕಳಿಸುತ್ತೀರಿ?

ಇಷ್ಟು ಮಾಡಿಯೂ ವಿಷ ಹೋಗುವುದಿಲ್ಲ ಅನ್ನುವುದೇ ದೊಡ್ಡ ಸಂಕಟ. ಆ 40 ಎಕರೆಯಲ್ಲಿ ಬಹುಪಾಲು ಮಣ್ಣು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಎಲ್ಲೋ ಎರಡು, ಮೂರು ಎಕರೆ. ಆದರೆ ಅಲ್ಲಿ ಕೆಟ್ಟಿದ್ದು ಒಂದು ಮೀಟರ್‌ಗೆ ನಿಂತಿರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥದೇ ಒಂದು ತಪ್ಪಿನಲ್ಲಿ ಪಾಲುದಾರಳಾಗಿದ್ದೆ. ನಗರದ ಹೊರಗೆ ಮುಚ್ಚಿಹೋದ ಒಂದು ಪ್ಲೇಟಿಂಗ್ ಕಾರ್ಖಾನೆ, ಅಂದರೆ ಲೋಹದ ಮೇಲೆ ಕ್ರೋಮ್ ಲೇಪ ಹಾಕುವ ಜಾಗ. ಮಾಲೀಕರಿಗೆ ಜಾಗ ಮಾರುವ ಆತುರ. ನಾಲ್ಕು ಕಡೆ ಮಣ್ಣು ಪರೀಕ್ಷೆ ಮಾಡಿಸಿದೆವು, ಶೆಡ್ ಒಳಗಿನ ನೆಲ ಅಗೆಸಿದೆವು, ಲಾರಿಗೆ ತುಂಬಿ ಕಳಿಸಿದೆವು, ವರದಿ ಬರೆದೆವು. ಮುಂದಿನ ಮಳೆಗಾಲದಲ್ಲಿ ಪಕ್ಕದ ತೋಟದ ಬೋರ್‌ವೆಲ್‌ನಲ್ಲಿ ತಿಳಿ ಹಳದಿ ನೀರು ಬಂತು. ಲೇಪಕ್ಕೆ ಬಳಸುತ್ತಿದ್ದ ಕ್ರೋಮಿಯಂ. ತಲೆ ಕೆಡಿಸಿಕೊಂಡು ಓಡಾಡುತ್ತಿದ್ದಾಗ ಅಲ್ಲಿ ಮೊದಲು ವಾಚ್‌ಮನ್ ಆಗಿದ್ದ ವಯಸ್ಸಾದವರೊಬ್ಬರು, "ಶೆಡ್ ಹಿಂದೆ ಒಂದು ಇಂಗುಗುಂಡಿ ಇತ್ತಲ್ಲಮ್ಮ, ತೊಳೆದ ನೀರೆಲ್ಲ ಅದಕ್ಕೇ ಬಿಡ್ತಿದ್ರು. ಆಮೇಲೆ ಮುಚ್ಚಿ ಮೇಲೆ ಸಿಮೆಂಟ್ ಹಾಕಿದ್ರು" ಅಂದರು. ಅವರನ್ನು ನಾವು ಯಾರೂ ಕೇಳಿರಲಿಲ್ಲ. ಅವರು ದಿನಾ ಗೇಟಿನ ಹತ್ತಿರ ಟೀ ಅಂಗಡಿಯಲ್ಲೇ ಕೂತಿರುತ್ತಿದ್ದರು. ಆ ತೋಟದವರ ಮಕ್ಕಳು ಆ ನೀರನ್ನು ಎಷ್ಟು ದಿನ ಕುಡಿದರೋ ಅಂತ ನೆನೆದರೆ ಇವತ್ತಿಗೂ ನನಗೆ ಕಷ್ಟವಾಗುತ್ತದೆ.

ಹಾಗಾಗಿ ನಿಮ್ಮ ಯೋಜನೆಯ ಮೊದಲ ಅಧ್ಯಾಯದಲ್ಲಿ ಜೆಸಿಬಿ ಬರಬಾರದು, ಕಾಗದ ಮತ್ತು ಮನುಷ್ಯರು ಬರಬೇಕು. ಆ ಜಾಗದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಏನು ನಡೆಯಿತು, ಯಾವ ಕಟ್ಟಡ ಎಲ್ಲಿತ್ತು, ಚರಂಡಿ ಯಾವ ಕಡೆಗೆ ಹರಿಯುತ್ತಿತ್ತು, ಡ್ರಮ್ ಎಲ್ಲಿಡುತ್ತಿದ್ದರು, ಕಸ ಎಲ್ಲಿ ಸುಡುತ್ತಿದ್ದರು, ಇದೆಲ್ಲ ಗೊತ್ತಾಗಬೇಕು. ನಮ್ಮ ಬೆಂಗಳೂರು 1809ರಿಂದ ದಂಡಿನ ಊರು. ಎರಡನೇ ಮಹಾಯುದ್ಧದಲ್ಲಿ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. 1943ರಿಂದ ಯುದ್ಧ ಮುಗಿಯುವ ತನಕ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ವಾಯುಪಡೆ ವಿಮಾನ ರಿಪೇರಿ ಮಾಡಿಸುತ್ತಿತ್ತು. ಇದನ್ನೆಲ್ಲ ಹೇಳುವುದು ಈ ಜಾಗಗಳು ಕೆಟ್ಟಿವೆ ಅಂತಲ್ಲ. ಇಲ್ಲಿ ಒಂದೇ ತುಂಡು ನೆಲ 80 ವರ್ಷದಲ್ಲಿ ನಾಲ್ಕು ಕೈ ಬದಲಾಗಿರುತ್ತದೆ, ಈಗಿರುವವರಿಗೆ ಹಿಂದಿನದು ಗೊತ್ತಿರುವುದಿಲ್ಲ, ಅದಕ್ಕೇ ಹೇಳಿದೆ. ಸರ್ವೇ ಆಫ್ ಇಂಡಿಯಾದ ಹಳೇ ನಕ್ಷೆ ನೋಡಿ. 1960ರಿಂದ 1972ರವರೆಗೆ ಅಮೆರಿಕ ತೆಗೆದ ಕರೋನಾ ಬೇಹುಗಾರಿಕೆ ಉಪಗ್ರಹದ ಚಿತ್ರಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ, ಅದರಲ್ಲಿ ಈಗ ಮುಚ್ಚಿಹೋಗಿರುವ ಗುಂಡಿ, ಹೊಂಡ, ದಾರಿ ಎಷ್ಟೋ ಸಲ ಕಾಣಿಸುತ್ತವೆ. ಆಮೇಲೆ ನಿವೃತ್ತರಾದ ಹವಾಲ್ದಾರರು, ಮೆಕ್ಯಾನಿಕ್‌ಗಳು, ಸ್ಟೋರ್ ಕೀಪರ್‌ಗಳು, ಬೇಲಿ ಆಚೆ ದನ ಮೇಯಿಸುತ್ತಿದ್ದವರು. ಇವರ ಜೊತೆ ಸುಮ್ನೆ ಕೂತು ಮಾತಾಡಿ. ಈ ಕೆಲಸಕ್ಕೆ ಎರಡು ತಿಂಗಳು ಇಡಿ. ಸಮಯ ಜಾಸ್ತಿ ಆಯಿತು ಅಂತ ಯಾರಾದರೂ ಹೇಳಿದರೆ ನನ್ನ ಹಳದಿ ನೀರಿನ ಕತೆ ಹೇಳಿ.

ಇನ್ನು ಮಿಲಿಟರಿ ಜಾಗ ಬೇರೆ ಕಾರ್ಖಾನೆ ಜಾಗದ ಹಾಗಲ್ಲ. ಒಂದೇ ಬೇಲಿಯೊಳಗೆ ಐದಾರು ತರಹದ ವಿಷ ಇರುತ್ತದೆ. ಒಂದೊಂದರ ನಡತೆಯೂ ಬೇರೆ. ಅದನ್ನು ತಿಳಿಯದೆ ಎಲ್ಲದಕ್ಕೂ ಒಂದೇ ಮದ್ದು ಬರೆದಿದ್ದೀರಿ.

ಫೈರಿಂಗ್ ರೇಂಜ್ ಇದ್ದುದರಲ್ಲಿ ಸುಲಭ. ಗುರಿಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಗುಂಡುಗಳ ಸೀಸ ಸೇರಿರುತ್ತದೆ. ಸೀಸ ಸಾಮಾನ್ಯವಾಗಿ ಬಿದ್ದಲ್ಲೇ ಇರುತ್ತದೆ, ಆಳಕ್ಕೆ ಹೋಗುವುದು ಕಡಿಮೆ. ಮಣ್ಣು ಜರಡಿ ಹಿಡಿದರೆ ದಪ್ಪ ಸೀಸ ಲೋಹವಾಗಿಯೇ ಸಿಗುತ್ತದೆ, ಕರಗಿಸಿ ಮತ್ತೆ ಬಳಸಬಹುದು. ಉಳಿದ ನುಣ್ಣನೆಯದಕ್ಕೆ ಫಾಸ್ಫೇಟ್ ಬೆರೆಸಿ ಕರಗದ ಹಾಗೆ ಕಟ್ಟಿಹಾಕಬಹುದು. ಧೂಳು ಮಾತ್ರ ಏಳಬಾರದು, ಮಳೆ ನೀರು ದಿಬ್ಬ ಕೊಚ್ಚಿಕೊಂಡು ರಾಜಕಾಲುವೆಗೆ ಇಳಿಯಬಾರದು.

ಡೀಸೆಲ್, ಪೆಟ್ರೋಲ್ ನೀರಿಗಿಂತ ಹಗುರ. ಅಂತರ್ಜಲ ಸಿಕ್ಕಿದ ಕೂಡಲೇ ಅದರ ಮೇಲೆ ತೇಲುತ್ತವೆ. ಹುಡುಕುವುದು ಸುಲಭ, ಮೇಲಿಂದ ಹೀರಿ ತೆಗೆಯಲೂ ಆಗುತ್ತದೆ, ಮಣ್ಣಿನ ಬ್ಯಾಕ್ಟೀರಿಯಾ ಸಹ ಅದನ್ನು ತಿನ್ನುತ್ತದೆ.

ನನಗೆ ಭಯ ಹುಟ್ಟಿಸುವುದು ವರ್ಕ್‌ಶಾಪ್. ಎಂಜಿನ್ ಭಾಗಗಳ ಗ್ರೀಸ್ ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್, ಚಿಕ್ಕದಾಗಿ ಟಿಸಿಇ. ಇದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತೇಲುವುದಿಲ್ಲ, ಮುಳುಗುತ್ತದೆ. ನೆಲಕ್ಕೆ ಚೆಲ್ಲಿದರೆ ಮಣ್ಣು ದಾಟಿ, ಅಂತರ್ಜಲವನ್ನೂ ದಾಟಿ, ತಳದ ಬಂಡೆಯ ಬಿರುಕಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ಹತ್ತಾರು ವರ್ಷ ಸ್ವಲ್ಪ ಸ್ವಲ್ಪವೇ ನೀರಿಗೆ ಕರಗುತ್ತಿರುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಇದಕ್ಕಿರುವ ಮಿತಿ ಲೀಟರ್‌ಗೆ 5 ಮೈಕ್ರೋಗ್ರಾಂ. ಅದು ಎಷ್ಟು ಕಡಿಮೆ ಅಂತ ತಿಳಿಯಬೇಕಾದರೆ ನಮ್ಮೂರಿನ ಲೆಕ್ಕದಲ್ಲಿ ನೋಡಿ. 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ಟಿಸಿಇ ಸಾಕು, 12 ಸಾವಿರ ಲೀಟರಿನ ಸುಮಾರು 120 ಟ್ಯಾಂಕರ್ ನೀರು ಆ ಮಿತಿ ದಾಟುತ್ತದೆ.

ಇದು ಬರೀ ಲೆಕ್ಕವಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕ್ಯಾಂಪ್ ಲೆಜೂನ್ ಅನ್ನುವ ಮರೀನ್ ಪಡೆಯ ನೆಲೆ ಇದೆ. 1953ರಿಂದ 1987ರವರೆಗೆ ಅಲ್ಲಿನ ಕುಡಿಯುವ ನೀರಿನಲ್ಲಿ ಟಿಸಿಇ, ಬೆಂಜೀನ್ ಮತ್ತು ಡ್ರೈಕ್ಲೀನಿಂಗ್ ದ್ರಾವಕ ಸೇರಿಕೊಂಡಿದ್ದವು. ಒಂದು ಕಡೆ ಟಿಸಿಇ ಲೀಟರ್‌ಗೆ 1,400 ಮೈಕ್ರೋಗ್ರಾಂ ಸಿಕ್ಕಿತ್ತು. ಸ್ವಲ್ಪ ನೆಲೆಯೊಳಗಿನ ಸೋರಿಕೆ, ಸ್ವಲ್ಪ ಬೇಲಿ ಆಚೆಯ ಒಂದು ಡ್ರೈಕ್ಲೀನಿಂಗ್ ಅಂಗಡಿಯದು. 1980ರ ದಶಕದ ಶುರುವಿನಲ್ಲೇ ಪರೀಕ್ಷೆಯಲ್ಲಿ ಗೊತ್ತಾಗಿದ್ದರೂ ಹೆಚ್ಚು ಕೆಟ್ಟ ಬಾವಿಗಳನ್ನು ಮುಚ್ಚಿದ್ದು 1984-85ರಲ್ಲಿ. ಆ ನೀರು ಕುಡಿದವರು ಶತ್ರುಗಳಲ್ಲ, ಸೈನಿಕರು, ಅವರ ಹೆಂಡತಿಯರು, ಹೊಟ್ಟೆಯಲ್ಲಿದ್ದ ಮಕ್ಕಳು. ಹತ್ತು ಲಕ್ಷದಷ್ಟು ಜನ ಅದಕ್ಕೆ ಒಡ್ಡಿಕೊಂಡಿರಬಹುದು ಅಂತ ಅಂದಾಜು. ಅವರಿಗೆ ಕೋರ್ಟಿಗೆ ಹೋಗಲು ದಾರಿ ಮಾಡಿಕೊಟ್ಟ ಕಾನೂನು ಬಂದಿದ್ದು 2022ರಲ್ಲಿ. ಇಂಥ ಯೋಜನೆ ಬರೆಯುವಾಗಲೆಲ್ಲ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ. ನೀವು ಬರೆಯುವುದು ಮಣ್ಣಿನ ಬಗ್ಗೆ ಅನ್ನಿಸಿದರೂ ಕೊನೆಗೆ ಅದು ಯಾರದೋ ಮನೆಯ ನಲ್ಲಿ ನೀರಿನ ಬಗ್ಗೆಯೇ.

ಬೆಂಗಳೂರಿನಲ್ಲಿ ಟಿಸಿಇ ಇನ್ನೂ ಕಷ್ಟ. ಅಮೆರಿಕದ ಪುಸ್ತಕಗಳಲ್ಲಿ ಮರಳಿನ ಅಂತರ್ಜಲ ಪದರ ತೋರಿಸಿ, ವಿಷ ಒಂದು ಗರಿಯ ಹಾಗೆ ಹರಡುತ್ತದೆ ಅಂತ ಚಂದದ ಚಿತ್ರ ಬರೆದಿರುತ್ತಾರೆ. ಅದನ್ನು ಹಾಗೇ ಇಲ್ಲಿಗೆ ಎತ್ತಿ ಹಾಕಬೇಡಿ. ನಮ್ಮ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ (gneiss) ಅನ್ನುವ ಗಟ್ಟಿ ಬಂಡೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಪುಡಿಯಾದ ಬಂಡೆ, ಅದರ ಕೆಳಗೆ ಗಟ್ಟಿ ಕಲ್ಲು. ಕಲ್ಲಿನ ಬಿರುಕುಗಳಲ್ಲಿ ಮಾತ್ರ ನೀರಿನ ಸೆಲೆ. ಆ ಬಿರುಕು ಯಾವ ಕಡೆ ತಿರುಗಿದೆಯೋ ವಿಷ ಆ ಕಡೆ ಹೋಗುತ್ತದೆ. ಪಕ್ಕದ ಮನೆ ಬೋರ್‌ವೆಲ್ ಚೆನ್ನಾಗಿರುತ್ತದೆ, ಅರ್ಧ ಕಿಲೋಮೀಟರ್ ಆಚೆಯದು ಕೆಟ್ಟಿರುತ್ತದೆ. ಅದರ ಮೇಲೆ ನಾವು ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆದಿದ್ದೇವೆ. ಕೇಸಿಂಗ್ ಪೈಪ್ ಮೇಲಿನ ಮೆತ್ತನೆಯ ಪದರಕ್ಕೆ ಮಾತ್ರ, ಕೆಳಗೆಲ್ಲ ಬರಿಯ ತೂತು. ಒಂದೊಂದು ಬತ್ತಿದ ಬೋರ್‌ವೆಲ್ಲೂ ಮೇಲಿನ ವಿಷವನ್ನು ಕೆಳಗಿನ ಸೆಲೆಗೆ ಇಳಿಸುವ ಕೊಳವೆ. ಹಾಗಾಗಿ ನಿಮ್ಮ ಯೋಜನೆಯಲ್ಲಿ, ಯಾವ ಅಗೆತಕ್ಕೂ ಮುಂಚೆ, ಬೇಲಿಯೊಳಗಿನ ಮತ್ತು ಸುತ್ತಮುತ್ತಲಿನ ಒಂದೆರಡು ಕಿಲೋಮೀಟರಿನ ಎಲ್ಲ ಬೋರ್‌ವೆಲ್ ಪಟ್ಟಿ ಮಾಡಿ. ಯಾವುದು ನಡೆಯುತ್ತಿದೆ, ಯಾವುದು ಬತ್ತಿದೆ, ಯಾವುದರಿಂದ ಟ್ಯಾಂಕರ್ ತುಂಬುತ್ತಾರೆ. ಬೇಲಿಯೊಳಗಿನ ಬತ್ತಿದವನ್ನು ಪರೀಕ್ಷೆ ಮಾಡಿ, ಆಮೇಲೆ ಸಿಮೆಂಟ್ ಮತ್ತು ಬೆಂಟೊನೈಟ್ (ನೀರಿಗೆ ಉಬ್ಬುವ ಜೇಡಿ) ಗಾರೆಯಿಂದ ತಳದಿಂದ ಮೇಲಿನ ತನಕ ಮುಚ್ಚಿಸಿ. ಮೇಲೊಂದು ಕಲ್ಲು ಮುಚ್ಚಿದರೆ ಆಗಲ್ಲ. ಟ್ಯಾಂಕರ್ ಬಗ್ಗೆ ಇನ್ನೊಂದು ಮಾತು. ನೀರು ಕೆಡುವುದು ಒಂದು ಕಡೆ, ಅದನ್ನು ಕುಡಿಯುವ ಅಪಾರ್ಟ್‌ಮೆಂಟ್ ಹತ್ತು ಕಿಲೋಮೀಟರ್ ಆಚೆ. ಯಾವ ವಿದೇಶಿ ಕೈಪಿಡಿಯಲ್ಲೂ ಈ ದಾರಿ ಇರುವುದಿಲ್ಲ, ನೀವೇ ಸೇರಿಸಬೇಕು.

ಮದ್ದುಗುಂಡು ಸುಟ್ಟ ಗುಂಡಿಗೆ ಬರೋಣ. ಇಲ್ಲಿ ನಿಮ್ಮ ಜೆಸಿಬಿ ಜನರನ್ನು ಕೊಲ್ಲಬಹುದು. ಸಿಡಿಯದೆ ಉಳಿದ ಶೆಲ್ ಒಂದಿದ್ದರೂ ಸಾಕು. ಶೆಲ್ ಇಲ್ಲದಿದ್ದರೂ, ಟಿಎನ್‌ಟಿ, ಆರ್‌ಡಿಎಕ್ಸ್‌ನಂಥ ಸ್ಫೋಟಕ ಮಣ್ಣಿನಲ್ಲಿ ತೂಕದ 10 ಪರ್ಸೆಂಟ್ ಅಥವಾ ಹೆಚ್ಚು ಇದ್ದರೆ ಆ ಮಣ್ಣನ್ನೇ ಸ್ಫೋಟಕ ಅಂತ ಪರಿಗಣಿಸಬೇಕು ಅನ್ನುವುದು ಅಮೆರಿಕದ ಸೇನೆಯ ನಿಯಮ. ಹಾಗಾಗಿ ಈ ಭಾಗಕ್ಕೆ ಮೊದಲು ಕಾಲಿಡುವವರು ಸೇನೆಯ ಬಾಂಬ್ ನಿಷ್ಕ್ರಿಯ ತಂಡದವರು. ಅವರು ಲೋಹಶೋಧಕ ಹಿಡಿದು ಚೌಕ ಚೌಕವಾಗಿ ನೋಡಿ, ಇಷ್ಟು ಜಾಗ ಸರಿ ಅಂತ ಬರೆದುಕೊಟ್ಟ ಮೇಲೆ ಮಾತ್ರ ನಿಮ್ಮ ಸ್ಯಾಂಪಲ್ ತೆಗೆಯುವ ಹುಡುಗರು ಹೋಗಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಸ್ಯಾಂಪಲ್ ತೆಗೆಯುವುದಕ್ಕೂ ಒಂದು ಉಪಾಯ ಬೇಕು. ಸ್ಫೋಟಕ ಮಣ್ಣಿನಲ್ಲಿ ಸಮನಾಗಿ ಬೆರೆತಿರುವುದಿಲ್ಲ, ಚಿತ್ರಾನ್ನದಲ್ಲಿ ಕಡಲೆಬೀಜ ಇದ್ದ ಹಾಗೆ ಇರುತ್ತದೆ. ಒಂದು ಚಮಚದಲ್ಲಿ ನಾಲ್ಕು ಬರುತ್ತವೆ, ಇನ್ನೊಂದರಲ್ಲಿ ಒಂದೂ ಇಲ್ಲ. ಅದಕ್ಕೇ ಒಂದು ಚೌಕದಲ್ಲಿ ಕನಿಷ್ಠ 30 ಕಡೆಯಿಂದ ಚೂರು ಚೂರು ತೆಗೆದು, ಎಲ್ಲ ಸೇರಿಸಿ, ಒಣಗಿಸಿ, ಅರೆದು, ಆಮೇಲೆ ಪರೀಕ್ಷೆಗೆ ಕೊಡುವ ಪದ್ಧತಿ ಬಂದಿದೆ. ನೀವು ಎಕರೆಗೆ ಎರಡು ಸ್ಯಾಂಪಲ್ ಅಂತ ಹಾಕಿದ್ದರೆ ಅದನ್ನು ಈಗಲೇ ತೆಗೆಯಿರಿ.

ಟಿಎನ್‌ಟಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಆರ್‌ಡಿಎಕ್ಸ್ ಹಾಗಲ್ಲ, ನೀರಿನ ಜೊತೆ ಇಳಿಯುತ್ತದೆ. ರಾಕೆಟ್ ಇಂಧನದ ಪರ್ಕ್ಲೋರೇಟ್ ಉಪ್ಪಿನ ಹಾಗೆ ಕರಗಿ ಓಡುತ್ತದೆ, ಥೈರಾಯ್ಡ್ ಗ್ರಂಥಿ ಅಯೋಡಿನ್ ತೆಗೆದುಕೊಳ್ಳುವುದನ್ನು ತಡೆಯುತ್ತದೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಸೇನೆಯ ತರಬೇತಿ ಜಾಗದ ಕೆಳಗೇ ಸುತ್ತಲಿನ ಊರುಗಳ ಕುಡಿಯುವ ನೀರಿನ ಮೂಲ ಇತ್ತು. 1997ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ನಿಜವಾದ ಮದ್ದುಗುಂಡಿನ ತರಬೇತಿಯನ್ನೇ ನಿಲ್ಲಿಸಿತು. ಸೇನೆಗೆ ಹಾಗೆ ಹೇಳುವುದು ಸಣ್ಣ ವಿಷಯವಲ್ಲ.

ಆದರೆ ಈ ಭಾಗದಲ್ಲಿ ನನಗೆ ತುಂಬ ಖುಷಿ ಕೊಟ್ಟ ಕೆಲಸವೂ ಒಂದಿದೆ. ಅಮೆರಿಕದ ಓರೆಗನ್‌ನ ಯುಮಟಿಲ್ಲ ಸೇನಾ ಡಿಪೋದಲ್ಲಿ ಹಳೇ ಬಾಂಬ್‌ಗಳೊಳಗಿನ ಟಿಎನ್‌ಟಿ ತೊಳೆದ ನೀರನ್ನು ಹೊಂಡಕ್ಕೆ ಬಿಡುತ್ತಿದ್ದರು. 1990ರ ದಶಕದಲ್ಲಿ ಆ ಮಣ್ಣನ್ನು ಸುಡುವ ಬದಲು ಗೊಬ್ಬರ ಮಾಡಿದರು. ನಿಜವಾಗಿ ಗೊಬ್ಬರ! ದನದ ಸಗಣಿ, ಕೋಳಿ ಗೊಬ್ಬರ, ಮರದ ಹೊಟ್ಟು, ಆಲೂಗಡ್ಡೆ ಬೆರೆಸಿ ರಾಶಿ ಹಾಕಿ ತಿರುವಿದರು. ರಾಶಿ ಬಿಸಿಯಾಗಿ, ಸೂಕ್ಷ್ಮಜೀವಿಗಳು ಟಿಎನ್‌ಟಿಯನ್ನು ಒಡೆದವು. ನಮ್ಮಲ್ಲಿ ಸಗಣಿಗೆ ಬರವಿಲ್ಲ, ತಿಪ್ಪೆ ಗೊತ್ತಿಲ್ಲದ ರೈತರಿಲ್ಲ. ನಿಮ್ಮ ಸುಟ್ಟ ಗುಂಡಿಯ ಮಣ್ಣಿಗೆ, ಸ್ಫೋಟಕದ ಪ್ರಮಾಣ 10 ಪರ್ಸೆಂಟ್‌ಗಿಂತ ಚೆನ್ನಾಗಿ ಕೆಳಗಿದ್ದರೆ, ಇದನ್ನು ಒಂದು ಆಯ್ಕೆಯಾಗಿ ಖಂಡಿತ ಬರೆಯಿರಿ. ಲ್ಯಾಬಿನಲ್ಲಿ ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡುವ ಹಂತವನ್ನೂ ಸೇರಿಸಿ.

ಬೆಂಕಿ ಆರಿಸುವ ಮೈದಾನವನ್ನು ಎಷ್ಟೋ ಜನ ಮರೆಯುತ್ತಾರೆ. ನೀರು, ನೊರೆ, ಅದರಲ್ಲೇನು ಅಂತ. ಎಣ್ಣೆ ಬೆಂಕಿಗೆ ಬಳಸುವ ನೊರೆಯಲ್ಲಿ ಪಿಎಫ್‌ಎಎಸ್ ಅನ್ನುವ ಗುಂಪಿನ ರಾಸಾಯನಿಕಗಳು 1960ರ ದಶಕದಿಂದ ಬಂದವು. ಅವು ಕೊಳೆಯುವುದಿಲ್ಲ, ಬ್ಯಾಕ್ಟೀರಿಯಾ ಮುಟ್ಟುವುದಿಲ್ಲ, ಸುಡುವುದೂ ಕಷ್ಟ. ಇವುಗಳಲ್ಲಿ ಎರಡಕ್ಕೆ ಅಮೆರಿಕ 2024ರಲ್ಲಿ ಹಾಕಿದ ಕುಡಿಯುವ ನೀರಿನ ಮಿತಿ ಲೀಟರ್‌ಗೆ 4 ನ್ಯಾನೋಗ್ರಾಂ, ಟಿಸಿಇ ಮಿತಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಕಡಿಮೆ. ಇದಕ್ಕೆ ಈಗಿರುವ ಗಟ್ಟಿ ದಾರಿ, ನೀರನ್ನು ಮೇಲೆತ್ತಿ ಇದ್ದಿಲು ಅಥವಾ ರೆಸಿನ್ ಮೂಲಕ ಸೋಸುವುದು. ಜೊತೆಗೆ ಮಳೆ ನೀರು ಆ ಮಣ್ಣಿಗೆ ಇಳಿಯದ ಹಾಗೆ ಮುಚ್ಚುವುದು.

ಇಷ್ಟೂ ತಿಳಿದ ಮೇಲೆ ಒಂದು ಚಿತ್ರ ಬರೆಯಬೇಕು. ವಿಷ ಎಲ್ಲಿದೆ, ಯಾವ ದಾರಿಯಲ್ಲಿ ಹೋಗುತ್ತದೆ, ಕೊನೆಗೆ ಯಾರಿಗೆ ತಗಲುತ್ತದೆ. ಈ ಮೂರರಲ್ಲಿ ಒಂದು ಕೊಂಡಿ ಕತ್ತರಿಸಿದರೂ ಜನ ಬದುಕುತ್ತಾರೆ. ಎಲ್ಲ ಕಡೆಯೂ ವಿಷವನ್ನೇ ತೆಗೆಯಬೇಕಾಗಿಲ್ಲ. ಒಂದು ಕಡೆ ತೆಗೆಯಿರಿ, ಇನ್ನೊಂದು ಕಡೆ ದಾರಿ ಕಟ್ಟಿ, ಮತ್ತೊಂದು ಕಡೆ ಮೊದಲು ಜನರಿಗೆ ಬೇರೆ ನೀರು ಕೊಡಿ. ಕೊನೆಯದನ್ನು ಯೋಜನೆ ಒಪ್ಪಿಗೆ ಆಗುವ ತನಕ ಕಾಯಿಸಬಾರದು. ಬೇಲಿ ಆಚೆ ಒಂದು ಬೋರ್‌ವೆಲ್ ಕೆಟ್ಟಿದೆ ಅಂತ ಗೊತ್ತಾದ ದಿನವೇ ಆ ಮನೆಗಳಿಗೆ ಕಾವೇರಿ ನೀರು ಹೋಗಬೇಕು. ಇದರಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಮುಂದಿನ ಪ್ರಶ್ನೆ ನಿಮ್ಮ ಡ್ರಾಫ್ಟ್‌ನಲ್ಲಿ ಇಲ್ಲವೇ ಇಲ್ಲ. ಎಷ್ಟು ಸ್ವಚ್ಛವಾದರೆ ಸಾಕು? ಇದಕ್ಕೆ ಉತ್ತರ ಆ ಜಾಗ ಮುಂದೆ ಏನಾಗುತ್ತದೆ ಅನ್ನುವುದರ ಮೇಲಿದೆ. ಅಮೆರಿಕದ ಡೆನ್ವರ್ ಪಕ್ಕದ ರಾಕಿ ಮೌಂಟನ್ ಆರ್ಸೆನಲ್ ನೋಡಿ. 1942ರಲ್ಲಿ ರಾಸಾಯನಿಕ ಅಸ್ತ್ರ ಮಾಡಲು ಶುರುವಾದ ಜಾಗ, ಆಮೇಲೆ ಅಲ್ಲೇ ಕೀಟನಾಶಕವೂ ತಯಾರಾಯಿತು. ದ್ರವ ತ್ಯಾಜ್ಯ ಹೊಂಡಗಳಲ್ಲಿ ತುಂಬಿ ತುಳುಕಿದಾಗ 1961ರಲ್ಲಿ 12 ಸಾವಿರ ಅಡಿ ಆಳದ ಬಾವಿ ಕೊರೆದು, ಮರುವರ್ಷದಿಂದ ಅದರೊಳಗೆ ಒತ್ತಿ ಕಳಿಸಿದರು. ಡೆನ್ವರ್ ಸುತ್ತ ಭೂಕಂಪ ಶುರುವಾಯಿತು. 1966ರಲ್ಲಿ ನಿಲ್ಲಿಸಿದರು, ಆದರೂ ದೊಡ್ಡ ಕಂಪನ ಬಂದಿದ್ದು 1967ರಲ್ಲಿ. ಕಣ್ಣಿಗೆ ಕಾಣದ ಹಾಗೆ ಮಾಡುವುದನ್ನೇ ಸ್ವಚ್ಛತೆ ಅಂದುಕೊಂಡರೆ ಹೀಗಾಗುತ್ತದೆ. 1992ರಲ್ಲಿ ಅಲ್ಲಿನ ಸಂಸತ್ತು, ಈ ಜಾಗ ಮುಂದೆ ವನ್ಯಜೀವಿ ಧಾಮ ಆಗಲಿ ಅಂತ ಕಾನೂನು ಮಾಡಿತು. ಅದರಿಂದ ಗುರಿ ಸ್ಪಷ್ಟವಾಯಿತು. ಮನೆ ಕಟ್ಟುವ ಹಾಗಿಲ್ಲ, ಅಂತರ್ಜಲ ಕುಡಿಯುವ ಹಾಗಿಲ್ಲ, ಅಲ್ಲಿ ಹಿಡಿದ ಮೀನು ತಿನ್ನುವ ಹಾಗಿಲ್ಲ. ಹೆಚ್ಚು ಕೆಟ್ಟ ಮಣ್ಣನ್ನು ಆ ಜಾಗದೊಳಗೇ ಸೋರದ ಪದರ ಹಾಕಿದ ಕೋಶಗಳಲ್ಲಿ ಹೂಳಿದರು. ಸುಮಾರು 200 ಕೋಟಿ ಡಾಲರ್ ಖರ್ಚಾಗಿ 2010ರಲ್ಲಿ ದೊಡ್ಡ ಕೆಲಸ ಮುಗಿಯಿತು. ಈಗ ಅಲ್ಲಿ ಕಾಡೆಮ್ಮೆಗಳು ಮೇಯುತ್ತಿವೆ. ಗಡಿಯಲ್ಲಿ ಅಂತರ್ಜಲ ಶುದ್ಧ ಮಾಡುವ ಪಂಪ್‌ಗಳು ಮಾತ್ರ ನಿಂತಿಲ್ಲ.

ಬೆಂಗಳೂರಿನಲ್ಲಿ 40 ಎಕರೆ ಖಾಲಿ ಜಾಗ ಅಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಇವತ್ತು ಪಾರ್ಕ್ ಅನ್ನುತ್ತಾರೆ, ಹತ್ತು ವರ್ಷಕ್ಕೆ ಲೇಔಟ್ ಆಗುತ್ತದೆ. ಪಾರ್ಕ್‌ಗೆ ಅಂತ ಬಿಟ್ಟ ವಿಷದ ಮೇಲೆ ಮನೆಯ ಪಾಯ ತೋಡುತ್ತಾರೆ, ಬೋರ್ ಕೊರೆಯುತ್ತಾರೆ, ಟಿಸಿಇ ಆವಿ ನೆಲದ ಬಿರುಕಿನಿಂದ ಮಲಗುವ ಕೋಣೆಗೆ ಬರುತ್ತದೆ. ಹಾಗಾಗಿ ನನ್ನ ಸಲಹೆ ಇದು. ಮನೆ ಕಟ್ಟುವ ಮಟ್ಟಕ್ಕೆ ಸ್ವಚ್ಛ ಮಾಡಲು ಆಗುವ ಭಾಗವನ್ನು ಆ ಮಟ್ಟಕ್ಕೇ ಮಾಡಿ. ಆಗದ ಭಾಗ, ಉದಾಹರಣೆಗೆ ವರ್ಕ್‌ಶಾಪ್ ಕೆಳಗಿನ ಬಂಡೆ, ಅದನ್ನು ಸರ್ವೇ ನಂಬರ್ ಸಮೇತ ಭೂ ದಾಖಲೆಯಲ್ಲಿ ಬರೆಸಬೇಕು ಅಂತ ಯೋಜನೆಯಲ್ಲೇ ಹಾಕಿ. ಕೊಳ್ಳುವವರು ಕಾಗದ ತೆಗೆಸಿದಾಗ ಅದು ಕಣ್ಣಿಗೆ ಬೀಳಬೇಕು.

ಟಿಸಿಇಗೆ ಉಪಾಯ ಇಲ್ಲವೇ ಅಂದರೆ ಇದೆ, ನಿಧಾನದ್ದು. ಮೇಲಿನ ಮಣ್ಣಿನಲ್ಲಿರುವುದನ್ನು ಗಾಳಿ ಹೀರಿ ಆವಿಯಾಗಿ ತೆಗೆಯಬಹುದು. ನೀರಿನಲ್ಲಿರುವುದಕ್ಕೆ ಕಾಕಂಬಿ ಅಥವಾ ಅಡುಗೆ ಎಣ್ಣೆಯಂಥದನ್ನು ಕೆಳಗೆ ಕಳಿಸಿ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುತ್ತಾರೆ, ಅವು ಟಿಸಿಇಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತವೆ. ಇಲ್ಲೊಂದು ಎಚ್ಚರ ಬೇಕು. ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ. ಅದು ಖಚಿತವಾಗಿ ಕ್ಯಾನ್ಸರ್ ತರುವಂಥದು, ಮೊದಲಿನದಕ್ಕಿಂತ ಕೆಟ್ಟದ್ದು. ಪೂರ್ತಿ ಒಡೆಯುವ ಜಾತಿಯ ಬ್ಯಾಕ್ಟೀರಿಯಾ ಅಲ್ಲಿದೆಯೇ ಅಂತ ಮೊದಲು ನೋಡಬೇಕು. ಬಂಡೆಯ ಬಿರುಕಿನಲ್ಲಿ ಈ ಊಟ ಎಲ್ಲಿಗೆ ತಲುಪಿತು ಅಂತ ತಿಳಿಯುವುದೂ ಕಷ್ಟ. ಅದಕ್ಕೇ ಒಂದು ಮೂಲೆಯಲ್ಲಿ ವರ್ಷ ಮಾಡಿ ನೋಡಿ, ಆಮೇಲೆ ದೊಡ್ಡದಾಗಿ ಮಾಡಿ ಅಂತ ಬರೆಯಿರಿ.

ಕಾನೂನಿನ ಭಾಗ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕಲುಷಿತ ಜಾಗಗಳನ್ನು ಸ್ವಚ್ಛ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನು ಇದರ ಬೆನ್ನೆಲುಬು. 1986ರ ತಿದ್ದುಪಡಿ ರಕ್ಷಣಾ ಇಲಾಖೆಗೂ ಸ್ವಚ್ಛತೆಯ ಹೊಣೆ ಹೊರಿಸಿತು. ಅಲ್ಲಿನ ಕ್ರಮದಲ್ಲಿ ನನಗೆ ಇಷ್ಟವಾಗುವುದು ಎರಡು. ಆಯ್ಕೆ ಮಾಡುವ ಮುಂಚೆ ಊರವರ ಅಭಿಪ್ರಾಯ ಕೇಳಲೇಬೇಕು. ವಿಷ ಸ್ವಲ್ಪವಾದರೂ ಉಳಿದಿದ್ದರೆ ಐದು ವರ್ಷಕ್ಕೊಮ್ಮೆ ಮತ್ತೆ ಬಂದು ನೋಡಲೇಬೇಕು. ನಮ್ಮಲ್ಲಿ ಅಪಾಯಕಾರಿ ತ್ಯಾಜ್ಯ ಸಾಗಿಸಲು 2016ರ ನಿಯಮಗಳಿವೆ, ಪ್ರತಿ ಲೋಡ್‌ಗೂ ಫಾರ್ಮ್ 10 ಅನ್ನುವ ಸಾಗಣೆ ಚೀಟಿ ಬೇಕು. ಕಲುಷಿತ ಜಾಗಗಳಿಗೇ ಅಂತ ಪ್ರತ್ಯೇಕ ನಿಯಮ ಬಂದಿದ್ದು 2025ರ ಜುಲೈನಲ್ಲಿ. ಅದರ ಪ್ರಕಾರ ಜಿಲ್ಲಾಡಳಿತ ಅನುಮಾನದ ಜಾಗಗಳ ಪಟ್ಟಿ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ಪರಿಶೀಲನೆ ಮಾಡಬೇಕು, ಕೆಡಿಸಿದವರೇ ಖರ್ಚು ಭರಿಸಬೇಕು. ವಿಕಿರಣ ತ್ಯಾಜ್ಯ ಇದರಲ್ಲಿ ಬರುವುದಿಲ್ಲ. ಹಾಗಾಗಿ ಹಳೇ ಸ್ಟೋರಿನಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿದ ಮೀಟರ್‌ಗಳು ಸಿಕ್ಕರೆ ಅವನ್ನು ಮುಟ್ಟದೆ ಬೇರೆ ಇಡಿಸಿ, ಅದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕೆಲಸ.

ಕೊನೆಗೂ ಅಗೆಯುವ ದಿನ ಬರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯುವ ಹಾಗೆ ಹೊಂದಿಸಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಂಡಿ ತೆರೆದರೆ ಒಂದು ರಾತ್ರಿಯ ಮಳೆಗೆ ಎಲ್ಲ ರಾಜಕಾಲುವೆಗೆ ಹೋಗಿ ಕೆರೆ ಸೇರುತ್ತದೆ. ಅಗೆಯುವವರು ಯಾರು ಅಂತಲೂ ಬರೆಯಿರಿ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರು ಚಪ್ಪಲಿಯಲ್ಲಿ ಇಂಥ ಗುಂಡಿಗೆ ಇಳಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಇದೇನು ಮಣ್ಣು ಅಂತ ಯಾರೂ ಹೇಳಿರಲಿಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ 40 ಗಂಟೆ ತರಬೇತಿ ಕಡ್ಡಾಯ. ನಿಮ್ಮ ಬಜೆಟ್‌ನಲ್ಲಿ ತರಬೇತಿ, ಸರಿಯಾದ ಮಾಸ್ಕ್, ಬೂಟು, ಕೈಗವಸು, ಸ್ನಾನದ ಕೋಣೆ, ಬಟ್ಟೆ ಅಲ್ಲೇ ಬಿಟ್ಟು ಹೋಗುವ ವ್ಯವಸ್ಥೆ, ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ರಕ್ತದಲ್ಲಿ ಸೀಸದ ಪರೀಕ್ಷೆ, ಇಷ್ಟಕ್ಕೂ ಒಂದೊಂದು ಸಾಲು ಇರಲಿ. ಇದನ್ನು ಇತರೆ ಖರ್ಚು ಅನ್ನುವುದರೊಳಗೆ ಸೇರಿಸಬೇಡಿ, ಟೆಂಡರ್‌ನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಈಗ ನಿಮ್ಮ ದಾಬಸ್‌ಪೇಟೆಗೂ ಜಾಗ ಸಿಗುತ್ತದೆ. ಸೀಸ ಜರಡಿ ಹಿಡಿದ ಮೇಲೆ ಉಳಿದ ಕೆಟ್ಟ ಭಾಗ, ಟ್ಯಾಂಕ್ ತಳದ ಕೆಸರು, ಗೊಬ್ಬರಕ್ಕೆ ಬಾರದ ಮಣ್ಣು, ಇಷ್ಟು ಅಲ್ಲಿಗೆ ಹೋಗಲಿ. 17 ಸಾವಿರ ಲೋಡ್ ಬದಲು ಬಹುಶಃ ಕೆಲವು ನೂರು ಆದೀತು. ಆ ಘಟಕದ ಪಕ್ಕದಲ್ಲೂ ಹಳ್ಳಿಗಳಿವೆ, ಅವರ ಬೋರ್‌ವೆಲ್‌ಗಳೂ ನಿಮ್ಮ ಪಟ್ಟಿಯಲ್ಲಿರಬೇಕು.

ಈ ವಾರ ಒಂದೇ ಕೆಲಸ ಮಾಡಿ. ಗೈಡ್ ಕೊಟ್ಟ ನಕ್ಷೆಯ ಮೇಲೆ ಐದು ಜಾಗ ಗುರುತಿಸಿ, ಇಳಿಜಾರು ಯಾವ ಕಡೆ, ಹತ್ತಿರದ ರಾಜಕಾಲುವೆ ಯಾವುದು, ಸುತ್ತ ಯಾರ ಮನೆ, ಯಾವ ಬೋರ್‌ವೆಲ್ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಗೊತ್ತಿಲ್ಲದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಹಾಕಿ. ಆ ಪ್ರಶ್ನೆ ಚಿಹ್ನೆಗಳ ಪಟ್ಟಿಯನ್ನೇ ಗೈಡ್‌ಗೆ ತೋರಿಸಿ. ನಿಮ್ಮ ಮೊದಲ ಅಧ್ಯಾಯ ಅದೇ.